ಗೋಪುರದ ದಡಿ

"ಮುಸಮ್ಮಾತ್ ಅನಂತಮ್ಮ, ಜೌಜೆ ಶ್ರೀರಾಮುಲು, ಹಾಜರ್ ಹೈ?"

ಮಕ್ತಲದ ಮುನಸೀಫ್ ಕಚೇರಿಯ ಬಾಗಿಲಲ್ಲಿ ನಿಂತು ಜವಾನ ಕೂಗಿದ. ಪಡಸಾಲೆಯ ಕಲ್ಲುಹಾಸಿನ ಮೇಲೆ ಅಪ್ಪನ ಪಕ್ಕ ಕೂತಿದ್ದ ಅನಂತಮ್ಮ ಅಲುಗಲಿಲ್ಲ. ಜೌಜೆ ಅಂದರೆ ಹೆಂಡತಿ. ಉರ್ದುವಿನಲ್ಲಿ ಅವಳಿಗೆ ಬರುತ್ತಿದ್ದುದು ಹತ್ತಿಪ್ಪತ್ತು ಮಾತು. ಆದರೆ ಈ ಒಂದು ಮಾತನ್ನು ಸಮನ್ಸು ಮನೆಗೆ ಬಂದ ದಿನವೇ ಓದಿಸಿ, ಅರ್ಥ ಕೇಳಿ ತಿಳಿದುಕೊಂಡಿದ್ದಳು.

ಜವಾನ ಎರಡನೆಯ ಸಲ ಕೂಗಿದ. ಕಣ್ಣಿಗೆ ಪೊರೆ ಬಂದು ಮಸುಕು ಮಸುಕಾಗಿ ಕಾಣುತ್ತಿದ್ದ ಮಾರ್ಕಂಡೇಯ ಮಗಳ ಮೊಣಕೈಯನ್ನು ಹುಡುಕಿ ಹಿಡಿದ.

"ಏಳವ್ವ, ನಿನ್ನನ್ನ ಕರಿಯಾಕತ್ಯಾನ."

"ನನ್ನನ್ನ ಅಲ್ಲಪ್ಪ. ಶ್ರೀರಾಮುಲು ಹೆಂಡ್ತೀನ ಕರಿಯಾಕತ್ಯಾನ. ಅಂಥಾಕಿ ಯಾರೂ ಇಲ್ಲಿ ಬಂದಿಲ್ಲ."

ಮೂರು ಸಲ ಕೂಗಿದರೂ ಓಗೊಡದಿದ್ದರೆ ದಾವಾ ಆ ಕಡೆಯವರದೇ ಆಗುತ್ತದೆ ಎಂದು ಬರುವ ದಾರಿಯಲ್ಲಿ ಬಸ್ಸಿನವರೆಲ್ಲ ಸೇರಿ ಮಾರ್ಕಂಡೇಯನಿಗೆ ಹೇಳಿಕೊಟ್ಟಿದ್ದರು. ಅವನು ಮತ್ತೆ ಅವಳ ತೋಳು ಎಳೆದ. ಅಷ್ಟರಲ್ಲಿ ಅವರ ವಕೀಲ ದಸ್ತಗೀರ್ ಸಾಹೇಬರು ಹೊರಗೆ ಬಂದರು. ಕೂತವಳ ಮುಖ ನೋಡಿದರು, ಜವಾನನ ಮುಖ ನೋಡಿದರು, ಗಡ್ಡದಲ್ಲೇ ನಕ್ಕು ಒಳಗೆ ಹೋದರು. ಒಳಗೆ ಏನೋ ಮಾತಾಯಿತು. ಜವಾನ ಮತ್ತೆ ಬಂದು, ತನ್ನ ಕಸುಬಿಗೇ ಅವಮಾನವಾದವನಂತೆ ಮುಖ ಗಂಟಿಕ್ಕಿ, "ನಾರಾಯಣಪೇಟೆ ಮಾರ್ಕಂಡೇಯನ ಮಗಳು ಅನಂತಮ್ಮ!" ಎಂದ.

"ಅದೀನ್ರಿ!" ಎಂದು ಅನಂತಮ್ಮ ಎದ್ದಳು. ಹುಣಸೆ ಮರದ ಕೆಳಗೆ ಬೀಡಿ ಸೇದುತ್ತಿದ್ದವರೂ ತಿರುಗಿ ನೋಡಿದರು.

ಇದು ಶುರುವಾದದ್ದು ಎರಡು ವರ್ಷದ ಹಿಂದೆ, ಯೂನಿಯನ್ ಫೌಜು ಹೈದರಾಬಾದಿಗೆ ಬರುವ ಮುಂಚಿನ ಚೈತ್ರದಲ್ಲಿ. ಗದ್ವಾಲದ ಶ್ರೀರಾಮುಲುವಿನ ಮನೆಯಲ್ಲಿ ನಾಲ್ಕು ಮಗ್ಗ. ಅವನ ಚಿಕ್ಕಪ್ಪ ಯಲ್ಲಯ್ಯ ಸೀರೆ ವ್ಯಾಪಾರಿ, ಮಾತಿನಲ್ಲಿ ಮನೆ ಕಟ್ಟುವ ಆಸಾಮಿ. ನಿಶ್ಚಿತಾರ್ಥ ಚೆನ್ನಾಗಿಯೇ ಆಯಿತು. ಮಗ್ಗದ ಮನೆಯವರಾದ ಇವರಲ್ಲಿ ಒಂದು ರೂಢಿ ಉಂಟು. ಮದುವೆಯ ಧಾರೆಗೆ ಉಡುವ ಸೀರೆಯನ್ನು ಹೆಣ್ಣೇ ನೇಯ್ದು ನಿಶ್ಚಿತಾರ್ಥದ ದಿನ ಗಂಡಿನ ಮನೆಗೆ ಕೊಡಬೇಕು. ಅದು ಅವರ ದೇವರ ಮನೆಯಲ್ಲಿದ್ದು, ಲಗ್ನದ ದಿನ ಅವರೇ ತಂದು ಅವಳಿಗೆ ಉಡಿಸಬೇಕು. ನಿಜ ಹೇಳಬೇಕೆಂದರೆ ಹೆಣ್ಣು ನೇಯುವುದು ಒಂದು ಗೇಣು, ಉಳಿದದ್ದನ್ನು ಅಪ್ಪನೋ ಅಣ್ಣನೋ ನೇಯುತ್ತಾರೆ. ಮಗ್ಗಕ್ಕೆ ಇಳಿಯುವುದು ಗಂಡಸರು, ಲಾಳಿಗೆ ನೂಲಿನ ಕಂಡಿಕೆ ಸುತ್ತುವುದು ಹೆಂಗಸರು. ಆದರೆ ಮಾರ್ಕಂಡೇಯನ ಕಣ್ಣು ಕೈಕೊಟ್ಟ ಮೇಲೆ, ಹದಿನೈದನೇ ವಯಸ್ಸಿಗೇ ಅನಂತಮ್ಮ ಕಾಲಿಳಿಬಿಟ್ಟು ನೇಯುವ ಮಗ್ಗದ ಗುಂಡಿಗೆ ಇಳಿದವಳು. ಆ ಸೀರೆ ಮೊದಲ ಎಳೆಯಿಂದ ಕೊನೆಯ ಎಳೆಯವರೆಗೂ ಅವಳದೇ.

ಮೈಯೆಲ್ಲ ಕೆಂಪು ಹತ್ತಿ, ಅಂಚಿನ ದಡಿಗೆ ಹಸಿರು ರೇಷ್ಮೆಯ ಗೋಪುರಗಳ ಸಾಲು. ಗೋಪುರದ ದಡಿಯನ್ನು ಗದ್ವಾಲದವರು ಬಹಳ ಮಂದಿ ನೇಯುತ್ತಾರೆ. ಆದರೆ ಹತ್ತಿರ ಹಿಡಿದು ನೋಡಿದರೆ ಗೋಪುರದ ತುದಿ ಒಂದು ಕೂದಲೆಳೆಯಷ್ಟಾದರೂ ಎಡಕ್ಕೆ ವಾಲಿರುತ್ತದೆ. ಅನಂತಮ್ಮನ ಗೋಪುರಗಳು ನೆಟ್ಟಗೆ ನಿಂತಿದ್ದವು. ಯಲ್ಲಯ್ಯ ಆ ದಡಿಯ ಮೇಲೆ ಹೆಬ್ಬೆರಳು ಆಡಿಸುತ್ತ ಹೋಳಿಗೆಯನ್ನೇ ಮರೆತಿದ್ದ. ಅದು ತಮ್ಮ ಸಂಬಂಧಕ್ಕೆ ಸಂದ ಗೌರವವೆಂದು ಮನೆಯವರೆಲ್ಲ ಹಿಗ್ಗಿದರು.

ಆಮೇಲೆ ಗಲಾಟೆಯ ದಿನಗಳು ಬಂದವು, ಫೌಜು ಬಂತು, ಹೋಯಿತು. ಊರು ಉಸಿರು ಬಿಟ್ಟ ಮೇಲೆ, ಕಾರ್ತಿಕದಲ್ಲಿ, ಲಗ್ನದ ತಿಥಿ ಮಾತಾಡಲು ಶ್ರೀರಾಮುಲು ತಾನೇ ಬಂದ. ಅನಂತಮ್ಮ ಮಗ್ಗದಿಂದೆದ್ದು ನೀರು ತರಲು ಹೋಗಿದ್ದಳು.

"ಲಗ್ನ ಆದಮ್ಯಾಲ ಈ ಗುಂಡಿ ಮುಚ್ಚಿಬಿಡ್ರಿ ಮಾವ," ಎಂದು ಅವನು ಮಾರ್ಕಂಡೇಯನಿಗೆ ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು. "ಮಗ್ಗ ನಾವು ಒಯ್ತೀವಿ. ಈಕಿ ಈ ದಡಿ ನಮ್ಮ ಅಣ್ಣತಮ್ಮರಿಗೆ ಕಲಿಸಿ ಕಂಡಿಕಿ ಸುತ್ತಿಕೊಂಡಿದ್ರ ಸಾಕು. ನಿಮಗೂ ಕಣ್ಣಿಲ್ಲ, ಸುಮ್ನ ಮನ್ಯಾಗ ಕುಂಡ್ರಿ."

ಇಷ್ಟು ಹೇಳಿ, ದಡಿಯ ಎಳೆ ಹೇಗೆ ಕಟ್ಟಿದೆ ನೋಡಲು ಅವನು ಚಪ್ಪಲಿ ಕಾಲಲ್ಲೇ ಗುಂಡಿಗೆ ಇಳಿದ. ಅನಂತಮ್ಮ ಚೊಂಬು ಹಿಡಿದು ಬಂದವಳು ಅಲ್ಲೇ ನಿಂತಳು. ಮಗ್ಗಕ್ಕೆ ಇಳಿಯುವ ಮುಂಚೆ ಕಾಲು ತೊಳೆಯುವುದು ಅವರ ಮನೆಯಲ್ಲಿ ಅಂಬೆಗಾಲಿಡುವ ಕೂಸಿಗೂ ಗೊತ್ತು. ಅವನ ಮನೆಯಲ್ಲಿ ಗೊತ್ತಿರಲಿಲ್ಲವೆ? ಗೊತ್ತಿತ್ತು. ಈ ಮನೆಯ ಮಗ್ಗ ಎಂಬ ಸದರ, ಅಷ್ಟೇ.

"ಮ್ಯಾಲ ಬರ್ರಿ," ಎಂದಳು.

ಅವನು ನಕ್ಕು ಇನ್ನೂ ಬಗ್ಗಿ ನೋಡಿದ.

"ಮ್ಯಾಲ ಬಾ," ಎಂದಳು ಎರಡನೆಯ ಸಲ.

ಮೂರನೆಯ ದಿನ ಕುಲದ ಹಿರಿಯರ ಕೈಯಲ್ಲಿ ಗದ್ವಾಲದವರು ಕೊಟ್ಟಿದ್ದೆಲ್ಲ ವಾಪಸು ಹೋಯಿತು. ಸೀರೆ, ಬೆಳ್ಳಿಯ ಉಂಗುರ, ಕುಪ್ಪಸದ ಖಣ, ತಿಂದ ಕೊಬ್ಬರಿಗೆ ಬದಲು ಹೊಸ ಕೊಬ್ಬರಿ. ಆ ಕಡೆಯಿಂದ ಮಾತ್ರ ಧಾರೆ ಸೀರೆ ಬರಲಿಲ್ಲ. ಬಂದದ್ದು ಶ್ರೀರಾಮುಲು, ನಾಲ್ಕು ಜನ ಗಂಡಸರೊಂದಿಗೆ. ನೇಕಾರರ ಓಣಿಯ ನಡುವೆ ನಿಂತು, "ನನ್ನ ಹೆಂಡ್ತೀನ ಕಳಸ್ರಿ!" ಎಂದು ಕೂಗಿದ. ಗಲಾಟೆಯ ವಾರದಲ್ಲೇ ಗದ್ವಾಲದ ಜಮ್ಮುಲಮ್ಮನ ಗುಡಿಯಲ್ಲಿ ಬಾಜಾಬಜಂತ್ರಿಯಿಲ್ಲದೆ ಲಗ್ನ ಆಗಿಹೋಗಿದೆ, ಈಗ ಅಪ್ಪ ಮಗಳು ಕೂಡಿ ಇಲ್ಲವೆನ್ನುತ್ತಿದ್ದಾರೆ ಎಂದು ಯಲ್ಲಯ್ಯ ಸಂತೆ ಸಂತೆಯಲ್ಲಿ ಸಾರಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿಗೇನು ಬರಗಾಲ? ಅದರಲ್ಲೂ ಆ ಭಯದ ದಿನಗಳಲ್ಲಿ ಮಾಸ ನೋಡದೆ, ಮುಹೂರ್ತ ನೋಡದೆ ಕದ ಹಾಕಿಕೊಂಡು ಮಗಳ ಲಗ್ನ ಮಾಡಿದ ಮನೆಗಳು ನಿಜವಾಗಿಯೂ ಇದ್ದವು. ಕೋಸಗಿಯಿಂದ ಹೆಣ್ಣು ನೋಡಲು ಹೊರಟವರು ಅರ್ಧ ದಾರಿಯಿಂದಲೇ ತಿರುಗಿ ಹೋದರು. ಆಮೇಲೆ ಸಮನ್ಸು ಬಂತು. ಹೆಂಡತಿ ಗಂಡನ ಮನೆಗೆ ಬಂದು ಸಂಸಾರ ಮಾಡುವಂತೆ ಹುಕುಂ ಆಗಬೇಕು ಎಂದು ಶ್ರೀರಾಮುಲುವಿನ ದಾವಾ. ಕೋರ್ಟು ಹೌದೆಂದರೆ, ಕಟ್ಟದ ತಾಳಿಗೆ ಅವಳು ಬಾಳುವೆ ಮಾಡಬೇಕಿತ್ತು.

"ಕೋರ್ಟಿನಾಗ ಗೆದ್ದವ ಸೋತ, ಸೋತವ ಸತ್ತ," ಎಂದರು ಕುಲದ ಹಿರಿಯರು. "ಹೆಂಗೂ ಕೊಡಾಕ ಒಪ್ಪಿದ್ರಿ. ಕೊಟ್ಟು ಕೈ ತೊಳಕೋರಿ."

ತಾಯಿ ಭೀಮಮ್ಮ ಸೆರಗು ಬಾಯಿಗೆ ಒತ್ತಿ ಅತ್ತಳು. "ಹೆಣ್ಣಮಗಳ ಹೆಸರು ಕಚೇರಿ ಕಾಗದದಾಗ ಬರಬಾರದವ್ವ."

"ಬಂದೈತಲ್ಲ. ತಪ್ಪಾಗಿ ಬಂದೈತಿ," ಎಂದಳು ಅನಂತಮ್ಮ. "ತಿದ್ದಿಸಾಕ ಹೋಗಬೇಕು."

ಮಕ್ತಲದಲ್ಲಿ ಆರು ವಕೀಲರಿದ್ದರು. ಐವರ ಜಗಲಿಯ ಮೇಲೆ ಜನವೋ ಜನ. ಫೌಜು ಬಂದು ಹೋದ ಮೇಲೆ ದಸ್ತಗೀರ್ ಸಾಹೇಬರ ಜಗಲಿ ಹತ್ತುವವರೇ ಇರಲಿಲ್ಲ. ಕೇಳುವ ಪುರುಸೊತ್ತು ಅಲ್ಲೇ ಇದ್ದೀತು ಎಂದು ಅನಂತಮ್ಮ ಆ ಜಗಲಿಯನ್ನೇ ಹತ್ತಿದಳು. ಸಾಹೇಬರು ಚಹಾ ತರಿಸಿ, ಕಾಗದ ಎರಡು ಸಲ ಓದಿ, ಕನ್ನಡಕ ತೆಗೆದರು.

"ನೋಡು ಬೇಟಿ, ನಿಶ್ಚಿತಾರ್ಥ ಅಂದ್ರ ವಾಯದಾ, ಮಾತು ಕೊಟ್ಟಂಗ. ಲಗ್ನ ಅಲ್ಲ. ಮಾತು ಮುರಿದ್ರ ಆದ ಖರ್ಚು ಕೇಳಬಹುದು, ಕೊಟ್ಟ ಸಾಮಾನು ಕೇಳಬಹುದು. ಮನಶ್ಯಾರನ್ನ ಕೇಳಾಕ ಬರಂಗಿಲ್ಲ. ವಾಯದಾ ಮಾಡೀದಿ, ಬಾ, ತಾಳಿ ಕಟ್ಟಿಸ್ಕೋ ಅಂತ ಯಾ ಕೋರ್ಟೂ ಎಳಕೊಂಡು ಹೋಗಂಗಿಲ್ಲ. ಇದು ಅವರಿಗೂ ಗೊತ್ತೈತಿ. ಅದಕ್ಕ ವಾಯದಾ ಸುದ್ದಿ ಬಿಟ್ಟು, ಲಗ್ನಾನೇ ಆಗೈತಿ ಅಂತ ಬರ್ಸ್ಯಾರ."

ಮಾರ್ಕಂಡೇಯ ಕೈ ಮುಗಿದ. "ಇದರಾಗಿಂದ ತಪ್ಪಿಸ್ಕೊಳ್ಳೋದು ಹೆಂಗ್ರಿ ಸಾಹೇಬ್ರ?"

"ತಪ್ಪಿಸ್ಕೊಳ್ಳೋದು ಇರಲಿ," ಎಂದಳು ಅನಂತಮ್ಮ. "ನಾನು ಏನೇನು ಕೇಳಬಹುದ್ರಿ?"

ಸಾಹೇಬರು ಅವಳನ್ನು ಮೊದಲ ಸಲ ನೋಡುವಂತೆ ನೋಡಿದರು. ಇಪ್ಪತ್ತೆರಡು ವರ್ಷದ ವಕೀಲಿಯಲ್ಲಿ ಹೆಣ್ಣುಮಗಳೊಬ್ಬಳು ಹೀಗೆ ಕೇಳಿದ್ದು ಅವರಿಗೆ ನೆನಪಿರಲಿಲ್ಲ. ಲೇಖಣಿ ಅದ್ದಿಕೊಂಡರು. ಇವಳು ಅವನ ಹೆಂಡತಿಯಲ್ಲ ಎಂದು ಕೋರ್ಟೇ ಬರೆದು ಹೇಳಬೇಕು. ಬೀದಿಯಲ್ಲಾಗಲಿ ಸಂತೆಯಲ್ಲಾಗಲಿ ಹಾಗೆಂದು ಕರೆಯದಂತೆ ಅವನಿಗೆ ತಾಕೀತು ಆಗಬೇಕು. ಅವಳು ನೇಯ್ದ ಸೀರೆ ಅವಳಿಗೆ ಬರಬೇಕು. ಹಳೆಯ ಸರಕಾರದ ಹೆಸರಿಗೆ ಗೀಟು ಎಳೆದ ಛಾಪಾ ಕಾಗದದ ಮೇಲೆ ಸಾಹೇಬರು ಇಷ್ಟನ್ನೂ ಬರೆದು ಓದಿ ಹೇಳಿದರು. ಅನಂತಮ್ಮನಿಗೆ ಬೆನ್ನು ನೆಟ್ಟಗಾದಂತೆ ಅನ್ನಿಸಿತು.

ಅದರ ಕೊನೆಯ ಪೇಶಿ, ಅಂದರೆ ವಿಚಾರಣೆ, ಇವತ್ತು.

ಒಳಗೆ ಹಿಂದಿನ ಬೆಂಚುಗಳ ತುಂಬ ಎರಡೂ ಊರಿನ ನೇಕಾರರು. ಮುನಸೀಫರು ರಾಯಚೂರಿನಲ್ಲಿ ಆರು ವರ್ಷ ಇದ್ದು ಬಂದವರು, ಕನ್ನಡ ತಿಳಿಯುತ್ತಿತ್ತು. ಮೊದಲು ಶ್ರೀರಾಮುಲು ನಿಂತು ಹೇಳಿದ. ಜಮ್ಮುಲಮ್ಮನ ಗುಡಿಯಲ್ಲಿ ಲಗ್ನವಾಯಿತು, ಇವಳೇ ನೇಯ್ದ ಧಾರೆ ಸೀರೆ ಉಡಿಸಿ ತಾಳಿ ಕಟ್ಟಿದೆ, ಏಳು ಹೆಜ್ಜೆ ಇಟ್ಟೆವು, ಅರಿಶಿಣದ ಅಕ್ಕಿಯ ತಲಂಬ್ರಾಲನ್ನು ಒಬ್ಬರ ತಲೆಯ ಮೇಲೊಬ್ಬರು ಹೊಯ್ದುಕೊಂಡೆವು. ಯಲ್ಲಯ್ಯನೂ ಅದನ್ನೇ ಇನ್ನಷ್ಟು ಉಪ್ಪುಖಾರ ಹಚ್ಚಿ ಹೇಳಿದ. ಕೊನೆಗೆ ಅವರ ವಕೀಲರು ಬಿಳಿ ಬಟ್ಟೆಯ ಗಂಟು ಬಿಚ್ಚಿ, ಕೆಂಪು ಸೀರೆಯ ಮಡಿಕೆಯೊಂದನ್ನು ಮೇಜಿನ ಮೇಲಿಟ್ಟರು. ಹಿಂದಿನ ಬೆಂಚಿನವರ ಕತ್ತುಗಳೆಲ್ಲ ಒಮ್ಮೆಗೇ ಮುಂದೆ ಬಂದವು.

"ಈ ಸೀರೆ ನೇಯ್ದದ್ದು ಯಾರು?" ವಕೀಲರು ಅನಂತಮ್ಮನನ್ನು ಕೇಳಿದರು.

"ನಾನ್ರಿ."

"ಯಾಕೆ ನೇಯ್ದೆ?"

"ಧಾರಿಗೆ ಉಡಾಕಂತ ನೇಯ್ದೆ."

"ಯಾರ ಜೊತೆ ಧಾರೆಗೆ?"

ಅನಂತಮ್ಮ ಬೆರಳು ಮಾಡಿ ತೋರಿಸಿದಳು. "ಇವನ ಜೋಡಿರಿ."

"ನೋಡಿ ಸ್ವಾಮಿ, ತಾನೇ ಒಪ್ಪಿಕೊಂಡಳು," ಎಂದು ವಕೀಲರು ಕೂತೇಬಿಟ್ಟರು. ಯಲ್ಲಯ್ಯ ಮೀಸೆ ತಿರುವಿದ. ಮಾರ್ಕಂಡೇಯ ತಲೆ ತಗ್ಗಿಸಿದ. ದಸ್ತಗೀರ್ ಸಾಹೇಬರೂ ಗಡಿಬಿಡಿಯಲ್ಲಿ ಕಾಗದ ತಿರುವತೊಡಗಿದರು.

ಅನಂತಮ್ಮ ಸೀರೆಯನ್ನೇ ನೋಡುತ್ತಿದ್ದಳು. ಎರಡು ವರ್ಷದಿಂದ ಅದನ್ನು ಕಂಡಿರಲಿಲ್ಲ. ತನ್ನ ಕೈ ತನಗೇ ಎದುರಾಗಿ ಸಾಕ್ಷಿಗೆ ನಿಂತಂತೆ ಮೊದಲು ಸಂಕಟವಾಯಿತು. ಆಮೇಲೆ ಮಡಿಕೆಯ ಅಂಚು ಕಂಡಿತು. ಆಮೇಲೆ ಇನ್ನೂ ಸರಿಯಾಗಿ ಕಂಡಿತು. ಅವಳ ಎದೆ ಹಗುರಾಯಿತು, ನಗುವೂ ಬಂತು. ಬಂದ ನಗುವನ್ನು ನುಂಗಿಕೊಂಡಳು.

"ಸಾಹೇಬ್ರ, ಸೀರಿ ನಾನು ಬಿಚ್ಚಬಹುದೇನ್ರಿ?"

ಆ ಕಡೆಯ ವಕೀಲರು ಎದ್ದು ಬೇಡವೆಂದರು. ಮುನಸೀಫರು ಬಿಚ್ಚು ಎಂದರು.

ಅನಂತಮ್ಮ ಎರಡೂ ಕೈಯಿಂದ ಮೇಲಿನ ಪದರ ಹಿಡಿದು ಎತ್ತಿದಳು. ಚರಚರ ಸದ್ದಾಯಿತು. ಮಗ್ಗಕ್ಕೆ ಹಾಕುವ ಮುಂಚೆ ನೂಲಿಗೆ ಗಂಜಿ ಕುಡಿಸಿರುತ್ತಾರೆ. ಬಿಚ್ಚದೆ ಇಟ್ಟ ಹೊಸ ಸೀರೆಯಲ್ಲಿ, ಎರಡು ಮಳೆಗಾಲದ ತೇವಕ್ಕೆ, ಪದರಕ್ಕೆ ಪದರ ಹಪ್ಪಳದಂತೆ ಅಂಟಿಕೊಂಡಿತ್ತು. ಒಂದೊಂದೇ ಪದರ ಬಿಡಿಸಿದಾಗಲೂ ಅದೇ ಸದ್ದು. ಹಿಂದಿನ ಬೆಂಚಿನಲ್ಲಿ ಒಬ್ಬ ನೇಕಾರ "ಹ್ಞೂ..." ಎಂದ. ಅವನಿಗೆ ಅರ್ಥವಾಗಿತ್ತು. ಪಕ್ಕದವನಿಗೂ ಅರ್ಥವಾಯಿತು. ಆ ಗುಜುಗುಜು ಬೆಂಚಿನಿಂದ ಬೆಂಚಿಗೆ ಹೋಯಿತು, ಗದ್ವಾಲದವರ ಬೆಂಚನ್ನೂ ಬಿಡಲಿಲ್ಲ.

"ಉಟ್ಟ ಸೀರಿಗೆ ಇಂಥಾ ಸಪ್ಪಳ ಬರಂಗಿಲ್ರಿ," ಎಂದಳು ಅನಂತಮ್ಮ ಮುನಸೀಫರಿಗೆ. "ಇಲ್ಲಿ ನೋಡ್ರಿ, ಸೆರಗಿನ ಎಳಿ. ಮಗ್ಗದಿಂದ ಕೊಯ್ದಾಗ ಹೆಂಗಿದ್ವೋ ಹಂಗ ಅದಾವ, ಕುಚ್ಚು ಕಟ್ಟಿಲ್ಲ. ಕುಚ್ಚು ಕಟ್ಟದ ಸೀರಿ ನಮ್ಮೋರು ಹೆಣಕ್ಕೂ ಹೊದಸಂಗಿಲ್ಲ. ನಡುವಿನಾಗ ಸಿಗಿಸಿದ ನೆರಿಗಿ ಗುರ್ತಿಲ್ಲ. ತಲಂಬ್ರಾಲು ಹೊಯ್ಕೊಂಡೀವಿ ಅಂತ ಇವ್ರೇ ಹೇಳ್ಯಾರ. ಅರಿಶಿಣದ ಒಂದು ಹನಿ ತೋರಸ್ರಿ, ಈಗಿಂದೀಗ ಇವರ ಹಿಂದ ನಡೀತೀನಿ."

ಮುನಸೀಫರು ಕನ್ನಡಕ ಸರಿ ಮಾಡಿಕೊಂಡು ಸೀರೆಯ ಮೇಲೆ ಬಗ್ಗಿದರು. ಆರು ಗಜದಲ್ಲೂ ಅವರಿಗೆ ಸಿಕ್ಕಿದ್ದು ಕೆಂಪು, ಹಸಿರು ಮಾತ್ರ.

"ಒಗೆದೀವ್ರಿ!" ಯಲ್ಲಯ್ಯ ಕೂತಲ್ಲಿಂದಲೇ ಕೂಗಿದ. "ಲಗ್ನ ಆದಮ್ಯಾಲ ಚಂದಾಗಿ ಒಗೆದು ಇಟ್ಟೀವ್ರಿ!"

ಇಡೀ ಕಚೇರಿ ಗೊಳ್ಳೆಂದಿತು. ನಲವತ್ತು ವರ್ಷ ಸೀರೆ ಮಾರಿದವನ ಬಾಯಲ್ಲಿ ಈ ಮಾತು! ಒಗೆದರೆ ಗಂಜಿ ಎಲ್ಲಿ ಉಳಿಯುತ್ತದೆ? ಗದ್ವಾಲದವರೇ ಹೆಚ್ಚು ನಕ್ಕರು. ಜವಾನ ಸುಮ್ಮನಿರಿ ಎಂದು ಕೂಗಬೇಕಾಯಿತು.

ಮುನಸೀಫರು ಶ್ರೀರಾಮುಲುವನ್ನು ಮೇಜಿನ ಬಳಿಗೆ ಕರೆದರು. "ನೀನು ನೇಕಾರ. ಮುಟ್ಟಿ ನೋಡಿ ಹೇಳು. ಇದು ಉಟ್ಟ ಸೀರೆಯೋ, ಉಡದ ಸೀರೆಯೋ?"

ಶ್ರೀರಾಮುಲು ಸೀರೆಯ ಮೇಲೆ ಕೈ ಇಟ್ಟ. ತಾಳಿಯ ವಿಷಯದಲ್ಲಿ ಸರಾಗವಾಗಿ ಸುಳ್ಳು ಹೇಳಿದವನಿಗೆ ಬಟ್ಟೆಯ ವಿಷಯದಲ್ಲಿ ನಾಲಿಗೆ ಏಳಲಿಲ್ಲ. ಒಂದು ಚಿಟಿಕೆ ಅರಿಶಿಣವನ್ನು ಸೀರೆಗೆ ಉಜ್ಜಿದ್ದರೆ ಅವನ ದಾವಾ ಗೆದ್ದುಬಿಡುತ್ತಿತ್ತೋ ಏನೋ. ಅದು ಅವನಿಗೂ ಚಿಕ್ಕಪ್ಪನಿಗೂ ಹೊಳೆಯದೆ ಇರಲಿಲ್ಲವಂತೆ. ಆದರೆ ಮಗ್ಗದ ಮನೆಯ ಕೈ, ಮಡಿಕೆ ಮುರಿಯದ ಸೀರೆಯ ಮೇಲೆ ಕಲೆ ಹಾಕಲು ಮುಂದೆ ಬರಲಿಲ್ಲ. ಅದರಲ್ಲೂ ಅಂಥ ಸೀರೆ.

"ಉಡದ್ದು," ಎಂದ ಶ್ರೀರಾಮುಲು.

ಫೈಸಲಾ ಊಟದ ಹೊತ್ತಿನ ನಂತರ ಬಂತು. ಲಗ್ನ ಆಗಿಲ್ಲ, ದಾವಾ ವಜಾ. ಅವಳನ್ನು ಎಲ್ಲಿಯೂ ಹೆಂಡತಿಯೆಂದು ಕರೆಯಕೂಡದು, ಕರೆದರೆ ಕೋರ್ಟು ಕೇಳುತ್ತದೆ. ಸೀರೆ ಅವಳದು. ದಸ್ತಗೀರ್ ಸಾಹೇಬರು ಪ್ರತಿಯೊಂದು ಸಾಲನ್ನೂ ಕನ್ನಡದಲ್ಲಿ ಹೇಳಿ, ಕೊನೆಗೆ, "ಮುಂದಿನ ಸಲ ಏನಾರ ಹೊಳೆದ್ರ ವಕೀಲಗೂ ಒಂದು ಮಾತು ಹೇಳು ಬೇಟಿ, ಎದಿ ಒಡದಿತ್ತು," ಎಂದರು. ಮಾರ್ಕಂಡೇಯ ಅವರ ಎರಡೂ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಆಚೆ ನಿಂತಿದ್ದ ಕುಲದ ಹಿರಿಯರು ತಾವು ಮೊದಲಿಂದಲೂ ಇದನ್ನೇ ಹೇಳುತ್ತಿದ್ದೆವು ಎನ್ನುವ ಮುಖ ಮಾಡಿಕೊಂಡು ಬಂದರು. ಅನಂತಮ್ಮ ಅವರಿಗೂ ನಮಸ್ಕಾರ ಮಾಡಿದಳು. ಗೆದ್ದವಳಿಗೆ ಅದೇನು ಭಾರವಲ್ಲ.

ನಾರಾಯಣಪೇಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಪ್ಪ ಮಗಳು ಹುಣಸೆ ಮರದ ಕೆಳಗೆ ನಿಂತಿದ್ದಾಗ ಶ್ರೀರಾಮುಲು ಒಬ್ಬನೇ ಬಂದ. ಚಿಕ್ಕಪ್ಪ ಜೊತೆಗಿರಲಿಲ್ಲ. ಮಾರ್ಕಂಡೇಯ ಮಗಳ ಮುಂದೆ ಬಂದು ನಿಂತ. ಅನಂತಮ್ಮ ಅಪ್ಪನ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

ಕ್ಷಮೆ ಕೇಳಲು ಬಂದವನ ಹಾಗೆ ಕಾಣಲಿಲ್ಲ. ಅವಳ ಕಂಕುಳಲ್ಲಿದ್ದ ಗಂಟನ್ನೇ ನೋಡುತ್ತ ನಿಂತ.

"ಎರಡು ವರ್ಷದಿಂದ ನೇಯಾಕತ್ತೀನಿ," ಎಂದ. "ಹದಿನಾರು ಸಲ ಕೊಯ್ದು ಬಿಸಾಡೀನಿ. ನನ್ನ ಗೋಪುರ ವಾಲತಾವ."

ಅನಂತಮ್ಮ ಅವನನ್ನು ನೋಡಿದಳು. ಈ ಗಂಡಸಿನ ಮೇಲೆ ಎರಡು ವರ್ಷ ಕುದಿದಿದ್ದಳು. ಎದುರು ಸಿಕ್ಕರೆ ಏನೇನು ಅನ್ನಬೇಕು ಎಂದು ಲಾಳಿ ಒಗೆಯುತ್ತಲೇ ಸಾವಿರ ಸಲ ಅಂದುಕೊಂಡಿದ್ದಳು. ಈಗ ಅದೊಂದೂ ಬೇಕೆನಿಸಲಿಲ್ಲ. ಇವನು ಓಣಿಯಲ್ಲಿ ಕೂಗಿದ್ದು, ಗುಡಿಯ ಹೆಸರಲ್ಲಿ ಸುಳ್ಳು ಹೇಳಿದ್ದು, ಎಲ್ಲ ತನ್ನ ಕೈಯೊಳಗಿನ ಒಂದು ಕೆಲಸಕ್ಕಾಗಿ ಎಂದು ತಿಳಿದಾಗ ಅವಳಿಗೆ ಹೆಮ್ಮೆಯೇ ಆಯಿತು. ಮುಚ್ಚುಮರೆ ಯಾಕೆ, ಬಹಳ ಹೆಮ್ಮೆಯಾಯಿತು.

"ಬುಡಕ್ಕ ಹದಿಮೂರು ಎಳಿ ಹಿಡಿ," ಎಂದಳು. "ಎರಡು ಸಾಲು ಹೊಡದು, ಎಡಕ್ಕೊಂದು ಬಲಕ್ಕೊಂದು ಬಿಡು. ಹನ್ನೊಂದು ಆತು. ಮತ್ತ ಎರಡು ಸಾಲು. ಮತ್ತ ಬಿಡು. ಏಳಕ್ಕ ಬಂದಾಗ ಎರಡು ಅಲ್ಲ, ಮೂರು ಸಾಲು. ಅಲ್ಲಿಂದ ಲಾಳಿ ಬಲಗಡಿಯಿಂದ ಬರಬೇಕು. ನೀವು ಎಡಗಡಿಯಿಂದಾನೇ ಒಗೀತೀರಿ. ಅದಕ್ಕ ವಾಲತಾವ."

ಶ್ರೀರಾಮುಲು ಬಾಯಿ ತೆರೆದು ನಿಂತವನು ಬೆರಳು ಮಡಚಿ ಎಣಿಸತೊಡಗಿದ. "ಏಳಕ್ಕ ಮೂರು ಸಾಲು..."

"ಮೂರು. ತುದಿಗೆ ಒಂದೇ ಎಳಿ. ಉಸಿರು ಹಿಡಿದು ಒಂದು ಪೆಟ್ಟು ಹಾಕು, ಎರಡು ಬ್ಯಾಡ."

ಬಸ್ಸು ಧೂಳೆಬ್ಬಿಸುತ್ತ ಬಂದು ನಿಂತಿತು. ಅಪ್ಪನ ಕೈ ಹಿಡಿದು ಹತ್ತಿಸಿ, ಕಿಟಕಿಯ ಪಕ್ಕದಲ್ಲಿ ಕೂರಿಸಿ, ತಾನೂ ಕೂತಳು. ಮಾರ್ಕಂಡೇಯ ಅವಳ ಕಿವಿಯ ಹತ್ತಿರ ಬಗ್ಗಿದ.

"ಮನಿ ಲೆಕ್ಕಾನೆಲ್ಲ ಅವಗ ಯಾಕ ಹೇಳಿದವ್ವ? ಅದೇನು ಚುರುಮುರಿ ಹಂಚಿದಂಗ ಹಂಚಿಬಿಟ್ಟಿ!"

"ಲೆಕ್ಕ ಹೇಳೀನಪ್ಪ," ಎಂದಳು ಅನಂತಮ್ಮ. "ಕೈ ಎಲ್ಲಿಂದ ತರತಾನ?"

ಮಾರ್ಕಂಡೇಯ ಮಗಳ ಕೈಯನ್ನು ತಡವಿ ನೋಡಿದ. ಆಮೇಲೆ ಅವನಿಗೆ ನಗು ಬಂತು. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ನಕ್ಕ. ಬಸ್ಸು ಹೊರಟಿತು. ಅನಂತಮ್ಮ ಕಿಟಕಿಯಿಂದ ಹೊರಗೆ ನೋಡಿದಳು. ಮರದ ಕೆಳಗೆ ಶ್ರೀರಾಮುಲು ಇನ್ನೂ ನಿಂತೇ ಇದ್ದ. ತುಟಿ ಅಲುಗುತ್ತಿತ್ತು, ಬೆರಳುಗಳು ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು. ಏಳರ ಲೆಕ್ಕಕ್ಕೆ ಬಂದು ತಡವರಿಸಿದ, ತಲೆ ಕೊಡವಿದ, ಬೆರಳನ್ನೆಲ್ಲ ಬಿಚ್ಚಿ ಮತ್ತೆ ಮೊದಲಿನಿಂದ ಶುರು ಮಾಡಿದ.